ಕುದುರೆ ವರ್ಷದ ಕೋಳಿ

ತಾಕ್ ಮಾನ್ಸು ಸುಳ್ಳುಗಾರನಲ್ಲ. ಇದನ್ನು ಮೊದಲಿಗೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನೆಲ್ಲ ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದ ಈ ಮನುಷ್ಯ ಬಾಳಿನಲ್ಲಿ ಹೇಳಿದ್ದು ಒಂದೇ ಸುಳ್ಳು. ಅದೂ ಒಂದು ವಾಕ್ಯದ್ದಲ್ಲ, ಒಂದು ಪದದ್ದು. ಆದರೆ ಕೆಲವು ಪದಗಳೇ ಹಾಗೆ. ಬಾಯಿಂದ ಹೊರಬಿದ್ದ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಸಂಸಾರ ಹೂಡಿಬಿಡುತ್ತವೆ.

ಹನ್ನೊಂದು ವರ್ಷದ ಹಿಂದೆ, ಆಂದೊಂಗ್ ಊರಿನ ಹಸಿರುದಿಬ್ಬ ಅಪಾರ್ಟ್‌ಮೆಂಟಿಗೆ ಮಾನ್ಸು ತನ್ನ ಹೆಂಡತಿ ಸುನ್ರೇ ಜೊತೆ ಮನೆ ಬದಲಾಯಿಸಿ ಬಂದ ದಿನ ಅದು. ಸಾಮಾನಿನ ಲಾರಿ ಗೇಟಿಗೆ ಅಡ್ಡ ನಿಂತಿತ್ತು. ಮರದ ಕೆಳಗಿನ ಬೆಂಚಿನಿಂದ ದಪ್ಪ ಹುಬ್ಬಿನ ಮನುಷ್ಯನೊಬ್ಬ ಎದ್ದು ಬಂದ.

"ಏಯ್, ಲಾರಿ ಪಕ್ಕಕ್ಕೆ ತೆಗೆಸು. ಯಾವ ವರ್ಷದವನು ನೀನು? ನಾನು ಕೋತಿ."

ಆಂದೊಂಗಿನಲ್ಲಿ ವಯಸ್ಸು ಗೊತ್ತಾಗದೆ ಮಾತು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಯಾರಿಗೆ ಏಕವಚನ, ಯಾರಿಗೆ ಬಹುವಚನ, ಯಾರು ಮೊದಲು ಬಗ್ಗಬೇಕು ಎಂಬುದೆಲ್ಲ ಅದರ ಮೇಲೇ ನಿಂತಿದೆ. ನಾನು ಇಂಥ ಇಸವಿಯಲ್ಲಿ ಹುಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ಹನ್ನೆರಡು ವರ್ಷಕ್ಕೊಂದು ಸುತ್ತು ಬರುವ ಹನ್ನೆರಡು ಪ್ರಾಣಿಗಳಲ್ಲಿ ತನ್ನದು ಯಾವುದು ಎಂದರೆ ಸಾಕು, ಉಳಿದದ್ದನ್ನು ಎದುರಿನವನು ಬೆರಳಲ್ಲಿ ಎಣಿಸಿಕೊಳ್ಳುತ್ತಾನೆ.

ಮಾನ್ಸು ಕೋಳಿ. ಕೋತಿಯ ಮರುವರ್ಷವೇ ಕೋಳಿ. ಅಂದರೆ ಈ ಹುಬ್ಬಿನವನಿಗಿಂತ ಒಂದೇ ಒಂದು ವರ್ಷ ಚಿಕ್ಕವನು. ಆ ಒಂದು ವರ್ಷದ ತಪ್ಪಿಗೆ ಜೀವಮಾನವಿಡೀ ಇವನಿಗೆ ಎರಡು ಕೈಯಲ್ಲಿ ಬಟ್ಟಲು ಹಿಡಿಯಬೇಕು.

"ಕುದುರೆ," ಅಂದುಬಿಟ್ಟ.

ಹುಬ್ಬಿನವನು ಬೆರಳು ಎಣಿಸಿದ. ಕುದುರೆ, ಕುರಿ, ಕೋತಿ. ಎರಡು ವರ್ಷ ದೊಡ್ಡವನು! ಬಾಯಲ್ಲಿದ್ದ ಸಿಗರೇಟು ಕೆಳಗೆ ಬಿತ್ತು. ಸೊಂಟ ತೊಂಬತ್ತು ಡಿಗ್ರಿಗೆ ಬಾಗಿತು.

"ತಪ್ಪಾಯ್ತು ಅಣ್ಣಯ್ಯ! ಮುಖ ನೋಡಿ ಮೋಸ ಹೋದೆ. ಎಷ್ಟು ಎಳೆಯರ ಥರ ಕಾಣ್ತೀರಿ! ನಾನು ಯೋಮ್ ದೋಕ್‌ಬೇ, ಬಸ್ಸು ಓಡಿಸ್ತೀನಿ. ನೀವು ಸುಮ್ನೆ ನಿಂತ್ಕೊಳಿ, ಸೋಫಾ ನಾನು ಮೇಲಕ್ಕೆ ಸಾಗಿಸ್ತೀನಿ."

ಆವತ್ತು ಲಿಫ್ಟ್ ಕೆಟ್ಟಿತ್ತು. ಮನೆ ಆರನೇ ಮಹಡಿ. ದೋಕ್‌ಬೇ ಸೋಫಾ ಹೊತ್ತು ಮೆಟ್ಟಿಲು ಹತ್ತಿದ ಮೇಲೆ ಸುನ್ರೇ ಗಂಡನನ್ನು ಬಾಗಿಲ ಹಿಂದಕ್ಕೆ ಎಳೆದಳು.

"ರೀ, ನೀವು ಯಾವಾಗ ಕುದುರೆ ಆದ್ರಿ?"

"ಈಗ ತಾನೇ."

"ನಾಚಿಕೆ ಆಗಲ್ವಾ?"

"ಮಾನ್ಸು ಅಂದ್ರೆ ಹತ್ತು ಸಾವಿರ ವರ್ಷ ಆಯಸ್ಸು ಅಂತ ಅರ್ಥ. ನಮ್ಮಪ್ಪ ಇಟ್ಟ ಹೆಸರು. ಅದರಲ್ಲಿ ಮೂರನ್ನ ಮುಂಗಡ ತಗೊಂಡೆ, ಅಷ್ಟೇ."

ಮುಂದಿನ ಹನ್ನೊಂದು ವರ್ಷ ಮಾನ್ಸು ಅಣ್ಣಯ್ಯನಾಗಿ ಬಾಳಿದ. ದೋಕ್‌ಬೇ ಅವನಿಗೆ ಎರಡು ಕೈಯಲ್ಲಿ ಸಾರಾಯಿ ಸುರಿದ, ತಾನು ಕುಡಿಯುವಾಗ ಹಿರಿಯರ ಎದುರು ಗಂಟಲು ತೋರಿಸಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿ ಕುಡಿದ. ಬೀದಿಕೊನೆಯ ಅಂಗಡಿಯಲ್ಲಿ ಕೋಳಿ ಪಲ್ಯ ಬಂದರೆ ಎರಡು ಕಾಲೂ ಅಣ್ಣಯ್ಯನ ತಟ್ಟೆಗೆ. ದೋಕ್‌ಬೇಗೆ ಉಳಿದದ್ದು ಕತ್ತು ಮತ್ತು ಆಲೂಗಡ್ಡೆ. ಪ್ರವಾಸದ ಬಸ್ಸಿನಲ್ಲಿ ಕಿಟಕಿ ಪಕ್ಕ ಅಣ್ಣಯ್ಯ. ಹೊಸ ವರ್ಷದ ಬೆಳಗ್ಗೆ ದೋಕ್‌ಬೇ ಒಗೆದ ಬಟ್ಟೆ ಹಾಕಿಕೊಂಡು ಆರನೇ ಮಹಡಿಗೆ ಬಂದು, ಮಂಡಿಯೂರಿ, ಹಣೆಯನ್ನು ಕೈಗಳ ಮೇಲಿಟ್ಟು ದೊಡ್ಡ ನಮಸ್ಕಾರ ಹಾಕುತ್ತಿದ್ದ. ಮಾನ್ಸು ಮೊದಲ ವರ್ಷ ಸ್ವಲ್ಪ ಬೆವರಿದ. ಎರಡನೇ ವರ್ಷ ಆಶೀರ್ವಾದ ಮಾಡಿದ. ಮೂರನೇ ವರ್ಷದ ಹೊತ್ತಿಗೆ ಬುದ್ಧಿವಾದ ಹೇಳಲು ಶುರು ಮಾಡಿದ್ದ.

ಇದು ಹೀಗೇ ಸುಖವಾಗಿ ಸಾಗುತ್ತಿತ್ತು. ಕೆಡಿಸಿದ್ದು ಟೇಕ್ವಾಂಡೋ.

ದೋಕ್‌ಬೇಯ ಮಂಡಿ ನೋಡಿದ ಡಾಕ್ಟರು "ಕಾಲಿಗೆ ಕೆಲಸ ಕೊಡಿ" ಅಂದಿದ್ದರು. ಒಬ್ಬನೇ ಹೋಗಲು ನಾಚಿಕೆಪಟ್ಟು ಅಣ್ಣಯ್ಯನನ್ನೂ ಎಳೆದುಕೊಂಡು ಹೋದ. ಪೇಟೆ ಬೀದಿಯ ಉಪ್ಪುಮೀನಿನ ಅಂಗಡಿಯ ಮೇಲ್ಮಹಡಿಯಲ್ಲಿ ಗ್ವಾಕ್ ಮಿರಾನ್ ಎಂಬ ಮೂವತ್ತನಾಲ್ಕರ ಹೆಣ್ಣುಮಗಳು ಶಾಲೆ ನಡೆಸುತ್ತಿದ್ದಳು. ಬೆಳಗ್ಗೆ ಹತ್ತಕ್ಕೆ ಹಿರಿಯರ ತರಗತಿ. ಮೆಟ್ಟಿಲ ಮೇಲೆ "ದಯವಿಟ್ಟು ಹುಷಾರಾಗಿ ಹತ್ತಿ ತಾತ" ಎನ್ನುತ್ತಿದ್ದ ಆಕೆ ಒಳಗೆ ಕಾಲಿಟ್ಟೊಡನೆ "ಸೊಂಟ ಇಳಿಸಿ! ಅದು ಒದೆತಾನಾ, ಚಪ್ಪಲಿ ಹುಡುಕೋದಾ?" ಎಂದು ಗುಡುಗುತ್ತಿದ್ದಳು.

ವಿಚಿತ್ರವೆಂದರೆ ಮಾನ್ಸುವಿಗೆ ಅದು ಹುಚ್ಚಿನಂತೆ ಹಿಡಿಯಿತು. ಬಲಗಾಲು ಚೆನ್ನಾಗಿ ಏಳುತ್ತಿತ್ತು. ಎಡಗಾಲು ಮಾತ್ರ ಯಾವಾಗಲೂ ಬೇರೆ ಯಾರದೋ ಮಾತು ಕೇಳುತ್ತಿತ್ತು. ಹದಿನೆಂಟು ಹೆಜ್ಜೆಯ ವರಸೆಯಲ್ಲಿ ಹನ್ನೆರಡನೆಯದು ಬಂದಾಗ ಊರು, ಹೆಸರು, ದಿಕ್ಕು ಎಲ್ಲ ಮರೆತುಹೋಗುತ್ತಿತ್ತು. ಆದರೂ ಬಿಡಲಿಲ್ಲ. ಅಡುಗೆಮನೆಯಲ್ಲಿ ಒದ್ದು ಅಭ್ಯಾಸ ಮಾಡಿ ಎರಡು ಜಾಡಿ ಒಡೆದ. ಬಿಳಿ ಬೆಲ್ಟ್ ಹಳದಿಯಾಯಿತು, ಹಸಿರಾಯಿತು, ನೀಲಿಯಾಯಿತು, ಕೆಂಪಾಯಿತು. ಮೂರು ವರ್ಷ ಕಳೆದು ಆ ಶರತ್ಕಾಲದಲ್ಲಿ ಇಬ್ಬರೂ ಕಪ್ಪು ಬೆಲ್ಟಿನ ಪರೀಕ್ಷೆಗೆ ಅರ್ಜಿ ತುಂಬಲು ಕೂತರು.

ಅರ್ಜಿಯಲ್ಲಿ ಗುರುತಿನ ಸಂಖ್ಯೆ ಬರೆಯಬೇಕು. ಗುರುತಿನ ಸಂಖ್ಯೆ ಶುರುವಾಗುವುದೇ ಹುಟ್ಟಿದ ತಾರೀಖಿನಿಂದ.

"ತಾಕ್ ಅವರೇ," ಗ್ವಾಕ್ ಗುರು ಕನ್ನಡಕ ಸರಿಮಾಡಿಕೊಂಡಳು, "ಇಲ್ಲಿ ಹುಟ್ಟಿದ ಇಸವಿ ಐವತ್ತೇಳು ಅಂತಿದೆ. ನೀವು ಕುದುರೆ ಅಲ್ವಾ? ಕುದುರೆ ಅಂದ್ರೆ ಐವತ್ನಾಲ್ಕು."

ಪಕ್ಕದಲ್ಲೇ ದೋಕ್‌ಬೇ ಪೆನ್ನು ಹಿಡಿದು ಕೂತಿದ್ದ. ಮಾನ್ಸು ಅರ್ಜಿಯ ಮೇಲೆ ಅಂಗೈ ಇಟ್ಟ.

"ಅದು… ನಮ್ಮಪ್ಪ ತಡವಾಗಿ ಬರೆಸಿದ್ದು. ಯುದ್ಧ ಮುಗಿದ ಕಾಲ ನೋಡಿ. ಮಗು ಉಳಿಯುತ್ತೋ ಇಲ್ವೋ ಅಂತ ಕಾಯ್ತಿದ್ರು."

"ಮೂರು ವರ್ಷ ಕಾದ್ರಾ?"

"ನಮ್ಮಪ್ಪ ಆತುರದ ಮನುಷ್ಯ ಅಲ್ಲ."

ಗುರುವಿನ ಕಣ್ಣು ತುಂಬಿತು. "ಅಂದ್ರೆ ಈ ವರ್ಷ ನಿಮಗೆ ಎಪ್ಪತ್ತು! ಎಪ್ಪತ್ತರಲ್ಲಿ ಕಪ್ಪು ಬೆಲ್ಟ್! ಇಡೀ ವಾರ್ಡಿನಲ್ಲಿ ಯಾರೂ ಇಲ್ಲ!"

"ನಮ್ಮ ಅಣ್ಣಯ್ಯ!" ದೋಕ್‌ಬೇ ಮೇಜು ಗುದ್ದಿದ. ಅವನ ಅರ್ಜಿಯ ಮೇಲೆ ಮಸಿ ಚೆಲ್ಲಿತು.

ಗುರು ವಾರ್ಡ್ ಕಚೇರಿಗೆ ಫೋನ್ ಮಾಡಿದಳು. ಮರುದಿನ ಬೆಳಗ್ಗೆ ಅಲ್ಲಿಂದ ಪೇ ಎಂಬ ಹೊಸ ಗುಮಾಸ್ತ ಫೈಲು ಹಿಡಿದು ಮಾನ್ಸುವಿನ ಮನೆಗೆ ಬಂದ. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಜನರಿಗೆ ಉಪಕಾರ ಮಾಡಬೇಕೆಂದು ಕೈ ತುರಿಸುತ್ತಿದ್ದರೂ ಒಬ್ಬರೂ ಸಿಕ್ಕಿರಲಿಲ್ಲ.

"ತಾತ, ಪರೀಕ್ಷೆ ನಮ್ಮ ವಾರ್ಡಿನ ಕ್ರೀಡಾಂಗಣದಲ್ಲೇ ಮಾಡಿಸ್ತೀವಿ. ಗೇಟಿಗೆ ಬ್ಯಾನರ್ ಕಟ್ಟಿಸ್ತೀವಿ. ಎಲ್ಲಕ್ಕಿಂತ ದೊಡ್ಡ ಸಂತೋಷದ ವಿಷಯ, ನಿಮ್ಮ ಹುಟ್ಟಿದ ದಿನದ ದಾಖಲೇನ ತಿದ್ದಿಸ್ತೀವಿ!"

"ಅದೇನೂ ಬೇಡಪ್ಪ," ಅಂದ ಮಾನ್ಸು. "ಐವತ್ತೇಳೇ ಇರಲಿ. ಅಭ್ಯಾಸ ಆಗಿದೆ."

"ಹಾಗನ್ಬೇಡಿ! ನಿಮ್ಮ ಬಾಳಿನ ಮೂರು ವರ್ಷ ಸರ್ಕಾರದ ಹತ್ರ ಸಿಕ್ಕಿಹಾಕ್ಕೊಂಡಿದೆ. ಬಿಡಿಸ್ಕೊಡೋದು ನನ್ನ ಕರ್ತವ್ಯ. ಸಾಕ್ಷಿಗೆ ಮನೆಯ ಹಿರಿಯರೊಬ್ಬರ ಸಹಿ ಮೊಹರು ಬೇಕು."

"ಯಾರೂ ಬದುಕಿಲ್ಲ."

"ಇದ್ದಾರಲ್ಲ! ಯೊಂಗ್ಜು ಊರಲ್ಲಿ ಅಕ್ಕ, ತಾಕ್ ಬುನಿ."

"ಅವಳಿಗೆ ಕಿವಿ ಕೇಳಲ್ಲ."

"ನಿನ್ನೆ ಫೋನಲ್ಲಿ ಚೆನ್ನಾಗಿ ಕೇಳಿಸ್ತು. ತಮ್ಮನ ಮನೆಯಲ್ಲಿ ಹಬ್ಬ ಅಂದೆ ಅಷ್ಟೇ, ಬರ್ತೀನಿ ಅಂತ ಇಟ್ಟುಬಿಟ್ರು." ಪೇ ಫೈಲು ತಿರುವಿ ಹಣೆ ಸುಕ್ಕಾಗಿಸಿದ. "ಒಂದೇ ಒಂದು ತೊಡಕು. ದಾಖಲೆಯಲ್ಲಿ ಅಕ್ಕ ಹುಟ್ಟಿದ್ದು ಐವತ್ತೈದು. ತಮ್ಮ ಐವತ್ನಾಲ್ಕು ಆದ್ಮೇಲೆ ಅಕ್ಕ ಐವತ್ತೈದು ಹೇಗಾಗ್ತಾರೆ? ಅಂದ್ರೆ ನಿಮ್ಮಪ್ಪ ಅವರದ್ದನ್ನೂ ತಡವಾಗಿ ಬರೆಸಿದ್ದಾರೆ. ಚಿಂತೆ ಬೇಡ, ಅವರನ್ನೂ ಐವತ್ತೆರಡಕ್ಕೆ ತಿದ್ದಿಬಿಡ್ತೀನಿ."

ಅಡುಗೆಮನೆಯಿಂದ ಸುನ್ರೇ ಕೆಮ್ಮಿದ ಸದ್ದು ಬಂತು. ಅದು ನೆಗಡಿಯ ಕೆಮ್ಮಲ್ಲ.

ಸುದ್ದಿ ಅಪಾರ್ಟ್‌ಮೆಂಟಿನ ಮಹಿಳಾ ಸಂಘದ ಅಧ್ಯಕ್ಷೆ ಹಾ ಮಾಲ್ಸುನ್ ಕಿವಿಗೆ ಬಿದ್ದದ್ದು ಆ ಮಧ್ಯಾಹ್ನ. ಮಾಲ್ಸುನ್ ಕೈಗೆ ಒಂದು ಕಾರಣ ಸಿಕ್ಕರೆ ಎಂಬತ್ತು ಜನರಿಗೆ ಊಟ ಹಾಕದೆ ಬಿಡುವ ಹೆಂಗಸಲ್ಲ. ಪರೀಕ್ಷೆ ಮುಗಿದೊಡನೆ ಅಲ್ಲೇ ಎಪ್ಪತ್ತರ ಔತಣ ಎಂದು ತೀರ್ಮಾನವಾಯಿತು. ಮರದ ಕೆಳಗಿನ ಬೆಂಚಿನ ಮೇಲೆ ದೊಡ್ಡ ಚರ್ಚೆ ಎದ್ದಿತು, ಯಾಕೆಂದರೆ ಅದೇ ಬೇಸಿಗೆಯಲ್ಲಿ ಸರ್ಕಾರ ಹುಟ್ಟಿದೊಡನೆ ಒಂದು, ಆಮೇಲೆ ಹೊಸ ವರ್ಷಕ್ಕೊಂದು ಎಂದು ವಯಸ್ಸು ಎಣಿಸುವ ಹಳೆಯ ರೀತಿಯನ್ನು ಬದಲಾಯಿಸಿ ಇಡೀ ದೇಶವನ್ನು ಒಂದೇ ದಿನದಲ್ಲಿ ಎಳಸು ಮಾಡಿತ್ತು.

"ಹೊಸ ಲೆಕ್ಕದಲ್ಲಿ ಮಾನ್ಸು ಅಣ್ಣನಿಗೆ ಅರವತ್ತೊಂಬತ್ತೇ," ಅಂದರು ಒಬ್ಬರು.

"ತಾಯಿ ಹೊಟ್ಟೆಯೊಳಗಿದ್ದದ್ದು ಲೆಕ್ಕಕ್ಕಿಲ್ವಾ ಹಾಗಾದ್ರೆ?" ಇನ್ನೊಬ್ಬರು.

"ಸರ್ಕಾರದ ವಯಸ್ಸು ಕಾಗದಕ್ಕೆ, ಊಟದ ವಯಸ್ಸು ಊರಿಗೆ," ಎಂದು ಮಾಲ್ಸುನ್ ತೀರ್ಪು ಕೊಟ್ಟಳು. "ಅಕ್ಕಿಕಡುಬಿಗೆ ಆಗಲೇ ಹೇಳಿಯಾಗಿದೆ. ಎಪ್ಪತ್ತು ಅಂದ್ರೆ ಎಪ್ಪತ್ತು."

ಮಾನ್ಸುವಿಗೆ ಊಟ ರುಚಿಸದಾಯಿತು. ಕಡೆಗೆ ಒಂದು ಸಂಜೆ ಧೈರ್ಯ ಮಾಡಿ ದೋಕ್‌ಬೇಯನ್ನು ಕೋಳಿ ಅಂಗಡಿಗೆ ಕರೆದುಕೊಂಡು ಹೋದ.

"ದೋಕ್‌ಬೇ, ನಿನಗೊಂದು ವಿಷಯ ಹೇಳ್ಬೇಕು. ನಾನು… ನೀನು ಅಂದ್ಕೊಂಡಷ್ಟು ದೊಡ್ಡವನಲ್ಲ."

"ನೋಡಿದ್ರಾ!" ದೋಕ್‌ಬೇ ಅಂಗಡಿಯವಳ ಕಡೆ ತಿರುಗಿದ. "ಇದನ್ನೇ ದೊಡ್ಡತನ ಅನ್ನೋದು."

"ಹಾಗಲ್ಲಯ್ಯ. ನಿಜವಾಗ್ಲೂ ನಾನು ಚಿಕ್ಕವನು."

"ಎಲ್ಲರೂ ಚಿಕ್ಕವರೇ ಅಣ್ಣಯ್ಯ, ಬೆಟ್ಟದ ಮುಂದೆ." ದೋಕ್‌ಬೇ ಎರಡೂ ಕಾಲುಗಳನ್ನು ಎತ್ತಿ ಅವನ ತಟ್ಟೆಗೆ ಹಾಕಿದ. ಆಮೇಲೆ ಅವನ ದನಿ ಮೆತ್ತಗಾಯಿತು. "ನಮ್ಮಪ್ಪ ಹೋದಾಗ ನನಗೆ ಹದಿನಾಲ್ಕು. ಹಿಂದೆ ನಾಲ್ಕು ಜನ ತಮ್ಮಂದಿರು. ಏನು ಬಂದ್ರೂ 'ಅಣ್ಣ, ಅಣ್ಣ' ಅಂತ ನನ್ನ ಹತ್ರಾನೇ ಬರೋರು. ನಾನು ಯಾರ ಹತ್ರ ಹೋಗ್ಲಿ? ಐವತ್ತೇಳನೇ ವಯಸ್ಸಿಗೆ ನೀವು ಸಿಕ್ಕಿದ್ರಿ."

ಹೀಗಂದ ಮೇಲೆ ಯಾರು ತಾನೇ ಬಾಯಿ ಬಿಡುತ್ತಾರೆ? ಮಾನ್ಸು ಎರಡೂ ಕಾಲು ತಿಂದ.

ಪರೀಕ್ಷೆಯ ಭಾನುವಾರ ಬಂತು. ಗೇಟಿನಲ್ಲಿ ಬಸ್ಸಿನುದ್ದದ ಬ್ಯಾನರು ಗಾಳಿಗೆ ಪಟಪಟ ಹೊಡೆಯುತ್ತಿತ್ತು: ಎಪ್ಪತ್ತರ ಹರೆಯದಲ್ಲಿ ಕಪ್ಪು ಬೆಲ್ಟ್! ನಮ್ಮ ವಾರ್ಡಿನ ಹೆಮ್ಮೆ ತಾಕ್ ಮಾನ್ಸು! ಪರೀಕ್ಷೆ ಇನ್ನೂ ಶುರುವೇ ಆಗಿರಲಿಲ್ಲ. ಕ್ರೀಡಾಂಗಣದ ಒಂದು ಅರ್ಧದಲ್ಲಿ ಚಾಪೆ ಹಾಸಿ ಮೂವರು ಪರೀಕ್ಷಕರು ಕೂತಿದ್ದರು. ಇನ್ನೊಂದು ಅರ್ಧದಲ್ಲಿ ಮಾಲ್ಸುನ್ ಸೈನ್ಯ ಮೇಜು ಜೋಡಿಸಿ, ಅಕ್ಕಿಕಡುಬು, ಸೀಬೆಹಣ್ಣು, ಖರ್ಜೂರಗಳನ್ನು ಗೋಪುರದಂತೆ ಪೇರಿಸುತ್ತಿತ್ತು. ಸುಟ್ಟ ಉಪ್ಪುಮೀನಿನ ಘಮ ಚಾಪೆಯ ಮೇಲೂ ಸುಳಿದು ಹಿರಿಯ ಪರೀಕ್ಷಕರು ಎರಡು ಸಲ ತಲೆ ತಿರುಗಿಸಿ ನೋಡಿದರು.

ಮೊದಲು ವರಸೆ. ಮಾನ್ಸು ಹನ್ನೊಂದು ಹೆಜ್ಜೆ ಹುಲಿಯಂತೆ ಹಾಕಿದ. ಹನ್ನೆರಡನೆಯದಕ್ಕೆ ಎಲ್ಲರೂ ಎಡಕ್ಕೆ ತಿರುಗಿದರೆ ಇವನೊಬ್ಬ ಬಲಕ್ಕೆ ತಿರುಗಿ ದೋಕ್‌ಬೇಗೆ ಎದುರಾಬದುರಾದ. ಅಣ್ಣಯ್ಯ ಎದುರಿಗೆ ಬಂದಾಗ ಬಗ್ಗದಿರುವುದು ದೋಕ್‌ಬೇ ಜಾಯಮಾನವಲ್ಲ. ಬಗ್ಗಿದ. ಮಾನ್ಸುವೂ ಬಗ್ಗಿದ. ಪರೀಕ್ಷಕರು ಇದು ಹೊಸ ವರಸೆಯೇ ಎಂದು ಪುಸ್ತಕ ತಿರುವಿದರು.

ಆಮೇಲೆ ಎದುರಾಳಿ ಕಾಳಗ. ಒಂದೇ ವಯಸ್ಸಿನ ಗುಂಪಿನಲ್ಲಿ ಇದ್ದವರು ಇವರಿಬ್ಬರೇ. ಎದೆಗವಚ ಬಿಗಿದು, ಕೈಗವಸು ತೊಡಿಸಿ, ತಲೆಗೆ ಟೊಪ್ಪಿ ಹಾಕಿ ಚಾಪೆ ಮೇಲೆ ನಿಲ್ಲಿಸಿದರು.

"ಸಿಜಾಕ್!" ಗ್ವಾಕ್ ಗುರು ಕೂಗಿದಳು. ಶುರು!

ದೋಕ್‌ಬೇ ಕೈಕಟ್ಟಿ ನಿಂತ.

"ಯೋಮ್ ಅವರೇ, ಒದೀರಿ!"

"ಯಾರನ್ನ? ಅಣ್ಣಯ್ಯನ್ನಾ?"

"ಎದುರಾಳಿ ಅವರು!"

"ಎಪ್ಪತ್ತರ ಹಬ್ಬದ ದಿನ ಹಿರಿಯರ ಎದೆಗೆ ಕಾಲೆತ್ತಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ ಕಣಮ್ಮ!"

"ಒದೀದಿದ್ರೆ ಇಬ್ಬರೂ ಫೇಲು!"

ದೋಕ್‌ಬೇ ನಿಟ್ಟುಸಿರಿಟ್ಟ. "ಕ್ಷಮಿಸಿ ಅಣ್ಣಯ್ಯ" ಎಂದು ಸೊಂಟ ಬಗ್ಗಿಸಿ, ಮೆಲ್ಲನೆ ಕಾಲೆತ್ತಿ, ಧೂಳು ಕೊಡವಿದಂತೆ ಎದೆಗವಚಕ್ಕೆ ಮುಟ್ಟಿಸಿ, "ನೋವಾಯ್ತಾ?" ಎಂದು ಕೇಳಿದ. ಆಮೇಲೆ ಮತ್ತೆ ಬಗ್ಗಿದ. ಮೂರನೇ ಒದೆಗೆ ಮುಂಚೆ ಅಣ್ಣಯ್ಯನ ಸಡಿಲವಾದ ಬೆಲ್ಟನ್ನು ತಾನೇ ಎರಡು ಕೈಯಲ್ಲಿ ಬಿಗಿದು ಕಟ್ಟಿದ. ಊಟದ ಕಡೆಯವರು ಚಪ್ಪಾಳೆ ಹೊಡೆದರು. ಹಿರಿಯ ಪರೀಕ್ಷಕರು ಕಣ್ಣು ಮುಚ್ಚಿ ತೂಕಡಿಸತೊಡಗಿದರು. ಮಾನ್ಸುವಿನ ಮೂರು ವರ್ಷದ ಬೆವರು ಮರ್ಯಾದೆಯಲ್ಲಿ ಮುಳುಗಿಹೋಗುತ್ತಿತ್ತು.

ಆಗಲೇ ಬಾಗಿಲ ಕಡೆಯಿಂದ ಒಂದು ಕೂಗು ಬಂತು. ಕ್ರೀಡಾಂಗಣದ ಗಾಜುಗಳು ಅದುರಿದವು.

"ಲೋ ಮಾನ್ಸೂ!"

ಯೊಂಗ್ಜುವಿನಿಂದ ಬೆಳಗಿನ ಬಸ್ಸಿಗೆ ಬಂದಿಳಿದ ತಾಕ್ ಬುನಿ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಸೇಬಿನ ಚೀಲ. ಇನ್ನೊಂದು ಕೈಯಲ್ಲಿ ಪೇ ಆಗ ತಾನೇ ಬಹಳ ವಿನಯದಿಂದ ಮೊಹರಿಗಾಗಿ ಮುಂದೊಡ್ಡಿದ್ದ ಕಾಗದ.

"ಏನೋ ಇದು? ನಾನು ಐವತ್ತೆರಡರಲ್ಲಿ ಹುಟ್ಟಿದ್ದಂತೆ! ನನಗೆ ಎಪ್ಪತ್ತೆರಡಂತೆ! ಬೀಗಿತ್ತಿಗಿಂತ ನಾನು ಚಿಕ್ಕವಳು ಅಂತ ಇಪ್ಪತ್ತು ವರ್ಷದಿಂದ ತಲೆ ಎತ್ಕೊಂಡು ಓಡಾಡ್ತಿದ್ದೀನಿ. ಒಂದು ಕಾಗದದಲ್ಲಿ ನನ್ನ ಮುದುಕಿ ಮಾಡ್ತೀಯೇನೋ?"

"ಅಜ್ಜಿ, ತಮ್ಮನವರಿಗೆ ಎಪ್ಪತ್ತಾದ್ಮೇಲೆ…" ಪೇ ತೊದಲಿದ.

"ಯಾರಿಗಪ್ಪ ಎಪ್ಪತ್ತು? ನಾನೇ ಕುರಿ, ನನಗೇ ಇನ್ನೂ ಎಪ್ಪತ್ತಾಗಿಲ್ಲ. ನಾನು ಇವನನ್ನ ಬೆನ್ನಿಗೆ ಕಟ್ಕೊಂಡು ನೀರು ಹೊತ್ತೋಳು. ಇವನು ಕೋಳಿ! ಇವನು ಹುಟ್ಟಿದ ದಿನ ನಮ್ಮಜ್ಜಿ 'ಕೋಳಿ ವರ್ಷದಲ್ಲಿ ಹುಂಜ ಹುಟ್ತು' ಅಂತ ಇಡೀ ಕೇರಿಗೆ ಹೇಳ್ಕೊಂಡು ಬಂದಳು!"

ಕ್ರೀಡಾಂಗಣದಲ್ಲಿ ಒಂದು ಮೀನು ಸೀದು ಹೋದರೂ ಯಾರೂ ಮಗುಚಲಿಲ್ಲ.

ದೋಕ್‌ಬೇ ಚಾಪೆಯ ಮಧ್ಯೆ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಮಡಚಿದ. "ಕುದುರೆ… ಕುರಿ… ಕೋತಿ…" ಅಲ್ಲಿ ನಿಂತ. ತನ್ನನ್ನೇ ಮುಟ್ಟಿಕೊಂಡ. "ಕೋಳಿ. ಹಾಗಾದ್ರೆ ನಾನು…"

"ಒಂದು ವರ್ಷ ದೊಡ್ಡೋರು!" ಊಟದ ಕಡೆಯಿಂದ ಸುನ್ರೇ ಕೂಗಿ, ಹನ್ನೊಂದು ವರ್ಷ ಕಟ್ಟಿಟ್ಟ ಉಸಿರನ್ನು ಒಮ್ಮೆಗೇ ಬಿಟ್ಟಳು.

ಗ್ವಾಕ್ ಗುರುವಿಗೆ ಈ ಪ್ರಾಣಿಗಳ ಲೆಕ್ಕ ಬೇಕಿರಲಿಲ್ಲ. ಅವಳ ಕಣ್ಣು ಗಡಿಯಾರದ ಮೇಲಿತ್ತು. "ಇನ್ನೂ ಒಂದು ನಿಮಿಷ ಇದೆ! ಸಿಜಾಕ್!"

ಈ ಸಲ ದೋಕ್‌ಬೇ ಬಗ್ಗಲಿಲ್ಲ.

"ಇದು ಕೋಳಿ ಕಾಲಿಗೆ!" ಧಡ್ ಎಂದಿತು ಎದೆಗವಚ. "ಹನ್ನೊಂದು ವರ್ಷ ಎರಡೂ ಕಾಲು ತಿಂದ್ಯಲ್ಲೋ, ಕೋಳಿ!"

ಮಾನ್ಸು ಮೂರು ಹೆಜ್ಜೆ ಹಿಂದೆ ಹಾರಿದ. ಎರಡನೇ ಒದೆ ಬರುವಾಗ ಅವನ ಕೈ ತಾನಾಗಿ ಕೆಳಗಿಳಿದು ತಡೆಯಿತು.

"ಇದು ಬಸ್ಸಿನ ಕಿಟಕಿಗೆ!"

ಬಲಗೈ ತಡೆಯಿತು.

"ಇದು ಸೋಫಾಗೆ! ಆರನೇ ಮಹಡಿ ಕಣೋ! ನನ್ನ ಮಂಡಿ ಹೋಗಿದ್ದೇ ಆವತ್ತು!"

ಇದನ್ನೂ ತಡೆದ. ಮಾನ್ಸುವಿಗೇ ಆಶ್ಚರ್ಯ. ಮೂರು ವರ್ಷ ಬೇಡಿಕೊಂಡರೂ ಬಾರದ ಹನ್ನೆರಡನೇ ಹೆಜ್ಜೆ ಈಗ ಕರೆಯದೆ ಬಂತು, ಹದಿಮೂರನೆಯದನ್ನೂ ಕೈಹಿಡಿದು ತಂದಿತು. ಭಯಕ್ಕಿರುವ ಜ್ಞಾಪಕಶಕ್ತಿ ಬುದ್ಧಿಗಿಲ್ಲ ನೋಡಿ. ಹೊಟ್ಟೆಯಾಳದಿಂದ "ಹಾಯ್!" ಎಂಬ ಕೂಗೊಂದು ಎದ್ದಿತು. ಮೈ ಗಿರ್ರನೆ ತಿರುಗಿತು. ಯಾರ ಮಾತೂ ಕೇಳದ ಎಡಗಾಲು ಗಾಳಿಯಲ್ಲಿ ಅರ್ಧಚಂದ್ರ ಬರೆಯಿತು.

"ಮೊದಲ ದಿನವೇ ನನಗೆ ಏಕವಚನ ಹಾಕಿದ್ಯಲ್ಲ, ಅದಕ್ಕೆ!" ಎಂದ ಮಾನ್ಸು ಮೇಲಿದ್ದಾಗ. ಕಾಲು ನೆಲಕ್ಕೆ ಬರುವಷ್ಟರಲ್ಲಿ ಪರಿಸ್ಥಿತಿಯ ಅರಿವಾಗಿ, "ಹಾಕಿದ್ರಲ್ಲ!" ಎಂದು ತಿದ್ದಿಕೊಂಡ.

ದೋಕ್‌ಬೇ ಹಿಂದಕ್ಕೆ ಹಾರಿ ಕುಂಡೆ ಊರಿ ಕೂತ. ಪುಟಿದೆದ್ದು ಮತ್ತೆ ನುಗ್ಗಿದ. ಊಟದ ಕಡೆಯವರೆಲ್ಲ ಚಾಪೆಯ ಸುತ್ತ ಬಂದು ನಿಂತರು. ಮಾಲ್ಸುನ್ ಸೌಟು ಎತ್ತಿ ಕೂಗುತ್ತಿದ್ದಳು, ಯಾರ ಪರವಾಗಿ ಎಂದು ಅವಳಿಗೂ ತಿಳಿಯದು. "ಬಿಡಬೇಡ ಅವನ್ನ!" ಎಂದು ಬುನಿ ಇಬ್ಬರಿಗೂ ಹೇಳಿದಳು. ಹಿರಿಯ ಪರೀಕ್ಷಕರು ನಿದ್ದೆಯಿಂದೆದ್ದು ಕುರ್ಚಿಯ ಮೇಲೆ ನಿಂತಿದ್ದರು.

"ಗೂಮಾನ್! ನಿಲ್ಸಿ!" ಗುರು ಮಧ್ಯೆ ನುಗ್ಗಿದಳು.

ಹಿರಿಯ ಪರೀಕ್ಷಕರು ಕುರ್ಚಿಯಿಂದ ಇಳಿದು, "ಮೂವತ್ತು ವರ್ಷದಿಂದ ಪರೀಕ್ಷೆ ಮಾಡ್ತಿದ್ದೀನಿ. ಅರವತ್ತು ದಾಟಿದವರು ಇಷ್ಟು ಮನಸಾರೆ ಒದೆದಾಡಿದ್ದನ್ನ ಕಂಡಿಲ್ಲ. ಇಬ್ಬರೂ ಪಾಸು," ಎಂದರು.

ಜನ ಚಪ್ಪಾಳೆ ಹೊಡೆದರು. ಮಾನ್ಸು ಟೊಪ್ಪಿ ಕಳಚಿ ಹಲ್ಲು ಕಿರಿಯುತ್ತ ತಿರುಗಿದ. ದೋಕ್‌ಬೇ ನಗಲಿಲ್ಲ. ಅವನು ಚಾಪೆಯ ಅಂಚಿನಲ್ಲಿ ಬೆನ್ನು ಹಾಕಿ ಕೂತು ಕೈಗವಸು ಬಿಚ್ಚುತ್ತಿದ್ದ. ಒದೆಗಳೆಲ್ಲ ಖರ್ಚಾದ ಮೇಲೆ ಉಳಿದದ್ದು ಅವನ ಮುಖದಲ್ಲಿತ್ತು.

"ದೋಕ್‌ಬೇ…"

"ತಮ್ಮಂದಿರು ನನಗೆ ನಾಲ್ಕು ಜನ ಇದ್ದಾರೆ," ಅಂದ ದೋಕ್‌ಬೇ ತಿರುಗದೆ. "ಐದನೆಯವನು ನನಗೆ ಬೇಡ. ಅಣ್ಣ ಅಂತ ಒಬ್ಬನೇ ಇದ್ದ. ಇವತ್ತು ಅವನೂ ಹೋದ."

ಈ ಮಾತಿಗೆ ಯಾವ ವರಸೆಯಲ್ಲೂ ತಡೆ ಇಲ್ಲ. ಮಾನ್ಸು ಸುತ್ತ ನೋಡಿದ. ಗುರು, ಗುಮಾಸ್ತ, ಅಕ್ಕ, ಹೆಂಡತಿ, ಎಂಬತ್ತು ಜನ ನೆರೆಯವರು. ಅವನು ದೋಕ್‌ಬೇಯನ್ನು ಬಳಸಿ ಎದುರಿಗೆ ಹೋದ. ಎದೆಗವಚ ಬಿಚ್ಚಲೂ ಇಲ್ಲ. ಮಂಡಿಯೂರಿದ. ಎರಡೂ ಅಂಗೈ ನೆಲಕ್ಕಿಟ್ಟು ಅದರ ಮೇಲೆ ಹಣೆ ಇಟ್ಟ.

"ಅಣ್ಣಯ್ಯ," ಅಂದ.

ಆ ಪದ ಅವನ ನಾಲಿಗೆಗೆ ಹೊಸದು. ಹನ್ನೊಂದು ವರ್ಷ ಕೇಳಿದ್ದನೇ ಹೊರತು ಹೇಳಿರಲಿಲ್ಲ.

ದೋಕ್‌ಬೇ ಬಿಚ್ಚಿದ ಕೈಗವಸನ್ನು ಪಕ್ಕಕ್ಕಿಟ್ಟ. ಆಮೇಲೆ, "ಹೊಸ ವರ್ಷ ಎಷ್ಟು ಕಳೆದವು?" ಎಂದು ಕೇಳಿದ.

"ಹನ್ನೊಂದು."

"ನನ್ನ ಹತ್ರ ಹನ್ನೊಂದು ಹಾಕಿಸ್ಕೊಂಡಿದ್ದೀಯ. ಇನ್ನು ಹತ್ತು."

ಮಾನ್ಸು ಎದ್ದ. ಮತ್ತೆ ಮಂಡಿಯೂರಿದ. ಜನ ಟೇಕ್ವಾಂಡೋ ತರಗತಿಯಲ್ಲಿ ಎಣಿಸುವಂತೆ ಒಟ್ಟಿಗೆ ಕೂಗತೊಡಗಿದರು. ಎರಡು! ಮೂರು! ನಾಲ್ಕು! ಐದಕ್ಕೆ ಕಾಲು ನಡುಗಿತು. ಆರಕ್ಕೆ ಬೆಲ್ಟ್ ಬಿಚ್ಚಿತು. ಏಳನೆಯದಕ್ಕೆ ಹಣೆ ನೆಲ ಮುಟ್ಟಿತು, ಮೇಲೇಳಲಿಲ್ಲ.

"ಏಳು," ಅಂದ ದೋಕ್‌ಬೇ.

"ಆಗ್ತಿಲ್ಲ ಅಣ್ಣಯ್ಯ. ಸೊಂಟ ಹಿಡ್ಕೊಂಡಿದೆ."

"ನಾಟಕ ಆಡ್ಬೇಡ."

"ಹನ್ನೊಂದು ವರ್ಷದ್ದು ನಾಟಕ. ಇದು ನಿಜವಾದ ಸೊಂಟ."

ದೋಕ್‌ಬೇ ಗೊಣಗುತ್ತ ಬಂದು, ಅವನ ಕಂಕುಳಿಗೆ ಕೈ ಹಾಕಿ ಎತ್ತಲು ಬಗ್ಗಿದ. ಮಂಡಿ ಟಕ್ ಎಂದಿತು. ಈಗ ಅವನೂ ಮೇಲೇಳಲಾಗದೆ ಮಾನ್ಸುವಿನ ಬೆನ್ನ ಮೇಲೆ ಒರಗಿಕೊಂಡ. ಹೊಸ ಕಪ್ಪು ಬೆಲ್ಟಿನ ಇಬ್ಬರು ವೀರರು ಒಬ್ಬರ ಮೇಲೊಬ್ಬರು ಬಿದ್ದುಕೊಂಡಿರುವಾಗ, ಮಾನ್ಸುವಿನ ಕಿವಿಯ ಹತ್ತಿರ ಏನೋ ಗೊರಗೊರ ಅಂದಿತು. ದೋಕ್‌ಬೇ ಅಳುತ್ತಿದ್ದಾನೆ ಎಂದುಕೊಂಡ. ನಗುತ್ತಿದ್ದ.

"ಉಳಿದ ನಾಲ್ಕನ್ನ," ಅಂದ ದೋಕ್‌ಬೇ, "ಹೊಸ ವರ್ಷದ ದಿನ ನಮ್ಮನೆಗೆ ಬಂದು ಹಾಕು. ಬರಿಗೈಲಿ ಬರಬೇಡ."

ಗುರು ಮತ್ತು ಪೇ ಇಬ್ಬರನ್ನೂ ಬಿಡಿಸಿ ನಿಲ್ಲಿಸಿದರು.

ಆದರೆ ಮಾಲ್ಸುನ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ನಿಮ್ಮ ನಿಮ್ಮ ರಾಜಿ ಆಯ್ತು. ಎಂಬತ್ತು ಜನರ ಅಡುಗೆ ಏನು ಮಾಡ್ಲಿ? ಯಾರಿಗಾದ್ರೂ ಒಬ್ಬರಿಗೆ ಎಪ್ಪತ್ತು ಆಗ್ಲೇಬೇಕು!"

ಎಲ್ಲರ ಕಣ್ಣೂ ಬುನಿಯ ಕಡೆ ತಿರುಗಿದವು.

"ನನ್ನ ನೋಡ್ಬೇಡಿ," ಅಂದಳು ಬುನಿ. "ನನಗೆ ಹೊಸ ವರ್ಷಕ್ಕೆ ಎಪ್ಪತ್ತು. ಇನ್ನೂ ಮೂರು ತಿಂಗಳಿದೆ." ಅಷ್ಟರಲ್ಲಿ ಅವಳ ಕಣ್ಣು ಖರ್ಜೂರದ ಗೋಪುರದ ಮೇಲೆ ಬಿತ್ತು. "ಆ ಮಧ್ಯದ ಕುರ್ಚಿಗೆ ದಿಂಬು ಇದ್ಯಾ?"

ಪೇ ಏಣಿ ಹತ್ತಿ ಬ್ಯಾನರಿನಲ್ಲಿ ಮಾನ್ಸು ಎಂಬಲ್ಲಿ ಬುನಿ ಎಂದು ಕಾಗದ ಅಂಟಿಸಿ ಬಂದ. ಉಳಿದದ್ದನ್ನು ತಿದ್ದಲು ಕಾಗದ ಸಾಲಲಿಲ್ಲ. ಎಪ್ಪತ್ತರ ಹರೆಯದಲ್ಲಿ ಕಪ್ಪು ಬೆಲ್ಟ್ ಗೆದ್ದ ತಾಕ್ ಬುನಿಗೆ ರಸ್ತೆಯಲ್ಲಿ ಹೋಗುವವರೆಲ್ಲ ಒಳಗೆ ಬಂದು ಬಗ್ಗಿ ನಮಸ್ಕಾರ ಮಾಡಿದರು. ಬ್ಯಾನರನ್ನು ಇನ್ನೊಂದು ವಾರ ಬಿಚ್ಚಬೇಡಿ ಎಂದು ಅವಳು ಪೇಗೆ ಕಿವಿಯಲ್ಲಿ ಹೇಳಿದಳು. ಬೀಗಿತ್ತಿಗೆ ಫೋಟೋ ಕಳಿಸಬೇಕಿತ್ತು.

ಬುನಿಯ ಮೇಜಿನಲ್ಲಿ ಹೆಂಗಸರು ಗದ್ದಲದಿಂದ ಊಟ ಶುರು ಮಾಡಿದರು. ಗಂಡಸರ ಮೇಜಿನಲ್ಲಿ ಮಾತ್ರ ಒಂದು ಸದ್ದೂ ಇಲ್ಲ. ಅನ್ನ, ಸಾರು, ಸುಟ್ಟ ಮೀನು ಎಲ್ಲ ಬಂದಾಗಿತ್ತು. ಹಿರಿಯ ಚಮಚ ಎತ್ತುವ ತನಕ ಕಿರಿಯರು ಮುಟ್ಟುವಂತಿಲ್ಲ. ಅಲ್ಲಿ ಕೂತಿದ್ದ ಹದಿಮೂರು ಜನ ಅಭ್ಯಾಸಬಲದಿಂದ ಮಾನ್ಸುವನ್ನು ನೋಡಿದರು. ಮಾನ್ಸು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ದೋಕ್‌ಬೇಯನ್ನು ನೋಡಿದ. ಹದಿಮೂರು ಜನವೂ ಅತ್ತ ತಿರುಗಿದರು.

ದೋಕ್‌ಬೇ ಬೆನ್ನು ನೆಟ್ಟಗೆ ಮಾಡಿದ. ಚಮಚ ಹಿಡಿದ. ಕೆಳಗಿಟ್ಟ. ಮತ್ತೆ ಹಿಡಿದ. ಹಣೆಯ ಮೇಲೆ ಬೆವರು ಮೂಡಿತು. ಸಾರಿನ ಹಬೆ ಕಡಿಮೆಯಾಗುತ್ತ ಬಂತು. ಕೊನೆಗೆ ತಲೆಯನ್ನು ಒಂದಿಷ್ಟೇ ಮಾನ್ಸುವಿನ ಕಡೆ ವಾಲಿಸಿ ತುಟಿ ಅಲುಗದಂತೆ ಪಿಸುಗುಟ್ಟಿದ.

"ಲೋ ಮಾನ್ಸು. ಎಲ್ಲರೂ ನನ್ನ ಬಾಯೇ ನೋಡ್ತಿದ್ದಾರೆ ಕಣೋ. ಮೊದಲು ಅನ್ನಕ್ಕೆ ಹಾಕ್ಬೇಕಾ, ಸಾರಿಗಾ? ನೀನು ಏನು ಮಾಡ್ತಿದ್ದೆ?"

"ಸಾರಿಗೆ, ಅಣ್ಣಯ್ಯ."

ಯೋಮ್ ದೋಕ್‌ಬೇ ಗಂಭೀರವಾಗಿ ತಲೆದೂಗಿದ. ಇಡೀ ಮೇಜನ್ನು ಒಮ್ಮೆ ನಿಧಾನವಾಗಿ ನೋಡಿದ. ಚಮಚ ಎತ್ತಿ ಅನ್ನಕ್ಕೆ ಹಾಕಿದ.